ನೀಲತ್ತಿಯ ಕಲ್ಲು

ಕಲ್ಲು ಹಿಡಿದುಕೊಂಡು ನನ್ನ ಮನೆಗೆ ಬರುವವರು ಈಗಲೂ ಇದ್ದಾರೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಳಾಗಿ ಎಷ್ಟೋ ಕಾಲವಾಯಿತು. ಆದರೂ ಗಚ್ಚಿಬೌಲಿಯ ಕಡೆ ಎಲ್ಲಾದರೂ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರೆ ಸಾಕು, ಯಾರಾದರೊಬ್ಬರು ಕರ್ರಗಿನ ತುಂಡೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ದಿಲ್‌ಸುಖ್‌ನಗರದ ನನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ. ಬರಲಾಗದವರು ಫೋನಿನಲ್ಲಿ ಫೋಟೋ ಕಳಿಸಿ, ಇದು ಉಲ್ಕೆಯೇ ಮೇಡಂ ಎಂದು ಕೇಳುತ್ತಾರೆ. ಫೋಟೋ ನೋಡಿ ಕಲ್ಲಿನ ಜಾತಕ ಹೇಳಲು ನಾನೇನು ಜ್ಯೋತಿಷಿಯಲ್ಲ. ಹಾಗಂತ ಗದರಿಸಿ ಕಳಿಸುವುದಕ್ಕೂ ಮನಸ್ಸು ಬರುವುದಿಲ್ಲ. ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಮೊದಲು ಕಲ್ಲು ಸಿಕ್ಕವರ ಕಥೆಯನ್ನು ಪೂರ್ತಿ ಕೇಳುತ್ತೇನೆ, ಕಲ್ಲನ್ನು ಆಮೇಲೆ ಕೈಗೆ ತೆಗೆದುಕೊಳ್ಳುತ್ತೇನೆ. ಜೊತೆಗೆ ಕಲಿಸುತ್ತಿದ್ದವರು ಇದನ್ನು ಮುದುಕಿಯ ಹರಟೆಯ ಚಟ ಎಂದು ನಗುತ್ತಿದ್ದರು. ನಗಲಿ. ಈ ಕ್ರಮವನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಬೇಗಂ ಬಜಾರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಲಂಗ ತೊಟ್ಟುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅದನ್ನು ಕಲಿತೆ.

ಆ ಮನೆಯನ್ನು ನೆನೆದರೆ ಈಗಲೂ ಮೂಗು ಚುರುಗುಟ್ಟುತ್ತದೆ. ಕೆಳಗೆ ಅಪ್ಪನ ಅಂಗಡಿ, ಮೇಲೆ ನಾವು. ಅಂಗಡಿಯಲ್ಲಿ ಒಣಮೆಣಸಿನಕಾಯಿ, ಅರಿಶಿನ, ಧನಿಯಾ, ಚಹಾಪುಡಿಯ ಚೀಲಗಳು ಸೂರಿನವರೆಗೆ ಏರಿರುತ್ತಿದ್ದವು. ಮೆಣಸಿನಕಾಯಿಯ ಘಾಟು ಮೆಟ್ಟಿಲೇರಿ ಪಡಸಾಲೆ ದಾಟಿ ಹಾಸಿಗೆಯವರೆಗೂ ಬರುತ್ತಿತ್ತು. ಬಂದ ನೆಂಟರು ಸೀನಿ ಸೀನಿ ಸುಸ್ತಾದರೆ ನಾವು ಅವರ ಮುಖ ನೋಡಿ ನಗುತ್ತಿದ್ದೆವು, ನಮಗೆ ಆ ಘಾಟು ರೂಢಿಯಾಗಿಬಿಟ್ಟಿತ್ತು. ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ಆಯಿಯ ದೇವರಕೋಣೆ, ಅಲ್ಲಿಂದ ಬಯಲು ಮಾಳಿಗೆಗೆ ಹತ್ತಲು ಕಡಿದಾದ ಮೆಟ್ಟಿಲು. ಆಯಿ ಎಂದರೆ ಅಪ್ಪನ ತಾಯಿ. ಯಾದಗಿರಿ ಕಡೆಯಿಂದ ಗಂಡನ ಹಿಂದೆ ಈ ಊರಿಗೆ ಬಂದು ತಲೆ ನರೆತರೂ ಅವಳಿಗೆ ತೆಲುಗು ಬರುತ್ತಿರಲಿಲ್ಲ, ಉರ್ದು ಬೇಕಾಗಿರಲಿಲ್ಲ. ಗಲ್ಲಿಯಲ್ಲಿ ನಾವು ಏನು ಬೇಕಾದರೂ ಮಾತಾಡಬಹುದಿತ್ತು, ಹೊಸ್ತಿಲು ದಾಟುವಾಗ ಮಾತ್ರ ಚಪ್ಪಲಿಯ ಜೊತೆ ಆ ಭಾಷೆಗಳನ್ನೂ ಹೊರಗೇ ಬಿಡಬೇಕಿತ್ತು.

ಅಪ್ಪ ಯಾವುದನ್ನೂ ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡವನಲ್ಲ. ಅದು ಅವನ ವ್ಯಾಪಾರದ ಧರ್ಮವಾಗಿತ್ತು. ಮೆಣಸಿನಪುಡಿಯನ್ನು ನೀರಿನ ಮೇಲೆ ಉದುರಿಸಿ, ತಳಕ್ಕೆ ಇಳಿದರೆ ಇಟ್ಟಿಗೆಪುಡಿ ಎನ್ನುತ್ತಿದ್ದ. ತುಪ್ಪವನ್ನು ಅಂಗೈಗೆ ಉಜ್ಜಿ ಮೂಸುತ್ತಿದ್ದ. ಚಹಾಪುಡಿಯಲ್ಲಿ ಕಬ್ಬಿಣದ ಚೂರು ಬೆರೆಸುವವರಿದ್ದಾರೆಂದು ಕುದುರೆಲಾಳದ ಆಕಾರದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಹಣದ ಗಲ್ಲೆಯ ಮೇಲೆ ತೂಗುಹಾಕಿದ್ದ. ಆ ಅಯಸ್ಕಾಂತ ನನ್ನ ಬಾಲ್ಯದ ಅತಿ ದೊಡ್ಡ ಆಟಿಕೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಅವನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ಅವ್ವನಿಗೆ ಅದು ಕೇಳಿ ಕೇಳಿ ಬೇಸರವಾಗಿತ್ತು. ರೊಟ್ಟಿ ಬಡಿಯುತ್ತಲೇ ಕುಟುಕುತ್ತಿದ್ದಳು.

"ನನ್ನ ಲಗ್ನಾ ಮಾಡ್ಕೊಳ್ಳೂ ಮುಂದನೂ ನೀರಾಗ ಹಾಕಿ ನೋಡಿರಬೇಕು ನಿಮ್ಮಪ್ಪ. ಮುಳಗಲಿಲ್ಲ, ಅದಕ್ಕ ತಂದಾನ."

ನೀಲತ್ತಿ ಅಪ್ಪನ ಒಬ್ಬಳೇ ತಂಗಿ. ಅವಳನ್ನು ತಾಂಡೂರಿಗೆ ಕೊಟ್ಟಿತ್ತು. ಆ ಸಲ ಯುಗಾದಿಗೆ ಮುಂಚೆ ಅವಳು ಒಬ್ಬಳೇ, ಒಂದು ತಗಡಿನ ಟ್ರಂಕು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ಹೆಚ್ಚು ಮಾತಿನವಳಲ್ಲ. ಹೇಳಿದ್ದು ಇಷ್ಟೇ: ಹಾಲು ಉಕ್ಕಿದರೆ, ರೊಟ್ಟಿ ಸೀದರೆ, ಅತ್ತೆ ತನ್ನನ್ನು ಉಗ್ರಾಣದೊಳಗೆ ಹಾಕಿ ಬೀಗ ಜಡಿಯುತ್ತಾಳೆ, ಊಟ ಕೊಡುವುದಿಲ್ಲ, ಗಂಡ ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುತ್ತಾನೆ, ಇನ್ನು ಅಲ್ಲಿಗೆ ಹೋಗುವುದಿಲ್ಲ. ಅವಳ ಬೆನ್ನಿಗೇ ಗುರುಶಾಂತಪ್ಪ ಕಾಕಾ ಬಂದ. ಎರಡೂ ಮನೆಗೆ ಬೇಕಾದ ಹಿರಿಯ, ಆ ಸಂಬಂಧ ಕುದುರಿಸಿದವನೂ ಅವನೇ. ಅಂಥದ್ದೇನೂ ನಡೆದೇ ಇಲ್ಲ, ಹುಡುಗಿ ಕಥೆ ಕಟ್ಟುತ್ತಾಳೆ ಎಂದು ತಾಂಡೂರಿನವರು ಹೇಳುತ್ತಿದ್ದಾರೆ ಎಂದ. ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಅಪ್ಪ ತಂಗಿಯನ್ನು ಕೇಳಿದ.

"ಯಾರರ ನೋಡ್ಯಾರೇನ ನೀಲಾ?"

ಬೀಗ ಹಾಕಿದ ಉಗ್ರಾಣದೊಳಗೆ ಯಾರು ನೋಡಿರುತ್ತಾರೆ? ನೀಲತ್ತಿ ಎದ್ದು ಒಳಗೆ ಹೋದಳು. ಮುಂಗಾರಿನ ಮೊದಲಿಗೆ ಮಿರಗದ ಮಳೆ ಹಿಡಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ, ಅಷ್ಟರೊಳಗೆ ಹುಡುಗಿಗೆ ಬುದ್ಧಿ ಹೇಳಿರಿ ಎಂದು ಕಾಕಾ ಹೊರಟ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ಆಯಿ ದೇವರ ಮುಂದೆ ಬತ್ತಿ ಹೊಸೆಯುತ್ತ ಗೊಣಗುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರುತ್ತಿತ್ತು, ಆದರೆ ಗೊಣಗು ನಿಲ್ಲುತ್ತಿರಲಿಲ್ಲ. ನಾನು ನೀಲತ್ತಿಯ ಪಕ್ಕದಲ್ಲಿ ಮಲಗುತ್ತಿದ್ದೆ. ಅವಳ ತಲೆದಿಂಬಿನ ಕೆಳಗೆ ಒಣರೊಟ್ಟಿಯ ಚೂರುಗಳಿರುವುದನ್ನು ನೋಡಿ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು. ಅವತ್ತಿನಿಂದ ದಿನಾ ಒಂದು ರೊಟ್ಟಿ ಹೆಚ್ಚು ಬಡಿಯತೊಡಗಿದಳು.

ಬೇಸಿಗೆ ಬಂತು, ಸಂಡಿಗೆ ಹಪ್ಪಳದ ಕಾಲ. ಮಾಳಿಗೆಯ ತುಂಬ ಹಳೆ ಧೋತರ ಹಾಸಿ, ಅದರ ಮೇಲೆ ನೀಲತ್ತಿ ಸಾಲಾಗಿ ಸಂಡಿಗೆ ಇಡುತ್ತಿದ್ದಳು. ಅವಳ ಸಂಡಿಗೆ ಒಂದಕ್ಕೊಂದು ತಾಗುತ್ತಿರಲಿಲ್ಲ, ಒಂದು ದೊಡ್ಡದು ಒಂದು ಸಣ್ಣದು ಇರುತ್ತಿರಲಿಲ್ಲ. ಹಿಟ್ಟು ಹಸಿಯಾಗಿದ್ದಾಗಲೇ ಬೆರಳಿನಿಂದ ಬಳಿದು ತಿನ್ನುವ ಕಳ್ಳತನದಲ್ಲಿ ಮಾತ್ರ ಅವಳು ನನ್ನ ಪಾಲುದಾರಳು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಒಣಗಿದ್ದನ್ನು ಬಿಡಿಸಿ ತರಲು ಅವಳು ಮಾಳಿಗೆಗೆ ಹೋಗಿದ್ದಳು. ಕೆಳಗೆ ನಮಗೆಲ್ಲ ಢಂ ಎಂದು ಏನೋ ಕೇಳಿಸಿತು. ಆದರೆ ಅದು ಬೇಗಂ ಬಜಾರು. ತಳ್ಳುಗಾಡಿಯ ಗಡಗಡ, ಶಟರು ಎಳೆಯುವ ಸದ್ದು, ಯಾರದೋ ಮದುವೆಯ ಪಟಾಕಿ, ಇವುಗಳ ನಡುವೆ ಒಂದು ಢಂ ಎಂಬುದಕ್ಕೆ ಯಾರು ತಲೆ ಎತ್ತುತ್ತಾರೆ? ಆಗ ನೀಲತ್ತಿ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದಳು. ಪಡಸಾಲೆಯ ನಡುವೆ ಕುಕ್ಕರಗಾಲಲ್ಲಿ ಕೂತು ಅದನ್ನು ನೆಲಕ್ಕಿಟ್ಟಳು. ತೆಂಗಿನಕಾಯಿಗಿಂತ ಸ್ವಲ್ಪ ಸಣ್ಣದಾದ ಕರೀ ಕಲ್ಲು.

"ಅಣ್ಣಾ, ಆಕಾಶದಾಗ ಬೆಂಕಿ ಉಂಡಿ ಬಂತು. ಇಡೀ ಮಾಳಗಿ ಬೆಳಕಾತು. ಆಮ್ಯಾಲ ಭಾಳ ದೊಡ್ಡ ಸಪ್ಪಳಾತು. ನೀರಿನ ಪೀಪಾಯಿ ಕಡೆ ಬಿದ್ದಂಗಾತು, ಹೋಗಿ ನೋಡಿದ್ರ ಇದು ಇತ್ತು."

ಅವಳು ಅಷ್ಟೊಂದು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಕೆನ್ನೆ ಕೆಂಪಾಗಿತ್ತು, ಕಣ್ಣು ಅರಳಿದ್ದವು. ಅಪ್ಪ ಕೆಳಗಿಳಿದು ಹೋಗಿ ಅಯಸ್ಕಾಂತ ತಂದ. ದಾರದ ತುದಿಯಲ್ಲಿ ಅದು ತೂಗಾಡಿ ಟಕ್ಕನೆ ಕಲ್ಲಿಗೆ ಅಂಟಿಕೊಂಡಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಕಲ್ಲನ್ನು ಕೈಯಲ್ಲಿ ತೂಗಿ ನೋಡಿದ, ಗಾತ್ರಕ್ಕೆ ಮೀರಿದ ಭಾರ. ಅವ್ವನ ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ಅದರ ಹೊಳಪಿಲ್ಲದ ತಳಕ್ಕೆ ಕಲ್ಲನ್ನು ಗೀರಿ ಬಣ್ಣ ಬಿಡುತ್ತದೆಯೇ ಎಂದು ನೋಡಿದ, ಗೆರೆ ಮೂಡಲಿಲ್ಲ. ಅವನ ಕಣ್ಣಲ್ಲೂ ಆಸೆ ಮೂಡಿದ್ದನ್ನು ನಾನು ಕಂಡೆ. ತಂಗಿಯ ಮಾತು ಒಂದಾದರೂ ಖರೆ ಆಗಲಿ ಎಂಬ ಆಸೆ ಅದು ಎಂದು ಈಗ ಅನಿಸುತ್ತದೆ. ಆದರೆ ಆಯಿ ದೇವರಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು.

"ಆಕಾಶದಿಂದ ಕರೀ ಕಲ್ಲು ಬಿತ್ತಂದ್ರ ಅದು ಶನಿಮಹಾತ್ಮನ ಅಲ್ಲೇನು? ಈಕಿ ಬೆನ್ನ ಹತ್ತಿ ಮನೀಗೆ ಬಂದಾನ. ತಾಂಡೂರಿನ ಮನೀ ಬಿಟ್ಟು ಬಂದಿದ್ದಕ್ಕ ಬಂದಾನ."

"ಚಲೋ ಆತು ಬಿಡ್ರಿ," ಎಂದಳು ಅವ್ವ, ತನ್ನ ಭರಣಿಯನ್ನು ಸೆರಗಿನಿಂದ ಒರೆಸುತ್ತ. "ಕಲ್ಲು ಖರೇ ಆದ್ರ ಶನಿ ತಂದಾಕಿ, ಸುಳ್ಳಾದ್ರ ಸುಳ್ಳು ಹೇಳಿದಾಕಿ. ಆಕಿ ಗೆಲ್ಲೂ ದಾರಿ ಒಂದರ ಇಡ್ರಿ."

ಶನಿ ಬಂದ ಮೇಲೆ ಅವನನ್ನು ಹೊರಗೆ ಹಾಕುವಂತಿಲ್ಲ, ಸಮಾಧಾನ ಮಾಡಬೇಕು. ಆಯಿ ಆ ಕಲ್ಲನ್ನು ದೇವರಕೋಣೆಯ ಮೂಲೆಯಲ್ಲಿ ಎಳ್ಳಿನ ರಾಶಿಯ ಮೇಲೆ ಕೂರಿಸಿದಳು. ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು, ದೇವರ ತಾಮ್ರದ ಸಾಮಾನು ತೊಳೆಯುವ ಹಾಗೆ. ಆಮೇಲೆ ಶನಿವಾರ ಬಂತೆಂದರೆ ಎಳ್ಳೆಣ್ಣೆಯ ಅಭಿಷೇಕ, ಪಕ್ಕದಲ್ಲೇ ಎಳ್ಳುಬತ್ತಿಯ ದೀಪ. ಎಣ್ಣೆ ಕಲ್ಲಿನ ಸಂದುಸಂದಿಗೆ ಇಳಿಯಿತು, ದೀಪದ ಮಸಿ ಅದರ ಮೇಲೆ ಕೂತಿತು. ಬೇಸಿಗೆ ಮುಗಿಯುವ ಹೊತ್ತಿಗೆ ಶನಿಮಹಾತ್ಮ ಹೊಸ ಬೂಟಿನ ಹಾಗೆ ಮಿರಮಿರ ಮಿಂಚುತ್ತಿದ್ದ. ನೀಲತ್ತಿ ಆ ಕೋಣೆಗೆ ಹೋಗುವಂತಿರಲಿಲ್ಲ. ತಾನೇ ಎತ್ತಿ ತಂದ ಕಲ್ಲನ್ನು ಅವಳು ದೂರದಿಂದ, ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೋಡಬೇಕಿತ್ತು. ನನಗೆ ಅದು ಸಹಿಸಲಾಗದ ಅನ್ಯಾಯ ಅನಿಸಿ ಒಮ್ಮೆ ಆಯಿಯ ಜೊತೆ ಜಗಳಕ್ಕೇ ನಿಂತೆ. ಬೆನ್ನಿಗೆ ಗುದ್ದು ಸಿಕ್ಕಿತು, ಆಮೇಲೆ ಅದೇ ಕೈಯಿಂದ ಎಳ್ಳುಂಡೆಯೂ ಸಿಕ್ಕಿತು.

ಜೋಶಿ ಮಾಸ್ತರರು ನಮ್ಮ ಅಂಗಡಿಯ ಕಾಯಂ ಗಿರಾಕಿ. ರಾಯಚೂರಿನವರು, ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಹೇಳುತ್ತಿದ್ದರು. ಧನಿಯಾ ಕೊಳ್ಳಲು ಬಂದವರನ್ನು ಅಪ್ಪ ಮೇಲೆ ಕರೆದುಕೊಂಡು ಬಂದ. ಮಾಸ್ತರರು ದೇವರಕೋಣೆಯ ಬಾಗಿಲಲ್ಲೇ ಕೂತು ಕಲ್ಲನ್ನು ನೋಡಿ ಹುಬ್ಬೇರಿಸಿದರು. ಆಕಾಶದಿಂದ ಬಂದ ಕಲ್ಲಿನ ಮೈ ಬರುವಾಗ ಸುಟ್ಟು ಕರೀ ಪೊರೆ ಕಟ್ಟಿರುತ್ತದೆ, ಇದರ ಮೇಲೂ ಅಂಥದ್ದೇ ಪೊರೆ ಕಾಣುತ್ತದೆ ಎಂದರು. ನಾನು ನೀಲತ್ತಿಯ ಕಡೆ ನೋಡಿದೆ. ಅವರು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿ, ಪೆಚ್ಚಾಗಿ ನಕ್ಕರು.

"ಎಣ್ಣಿ ಹಾಕೀರಿ ಏನ್ರೀ ಅಮ್ಮಾರ? ಇನ್ನ ಪೊರಿ ಯಾವದು, ಜಿಡ್ಡು ಯಾವದು, ಅದನ್ನ ಮಾಡಿದ ದೇವ್ರ ಬಂದ್ರೂ ಹೇಳಂಗಿಲ್ಲ. ಒಂದು ಮೂಲಿ ಅರದು ಒಳಗ ನೋಡಬೇಕು, ಬ್ಯಾರೆ ದಾರಿ ಇಲ್ಲ."

ಶನಿಮಹಾತ್ಮನ ಮೈ ಅರೆಯುವುದೇ? ಆಯಿ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ಮಾಸ್ತರರು ಧನಿಯಾ ತೆಗೆದುಕೊಂಡು ಮನೆಗೆ ಹೋದರು. ಕಲ್ಲು ಎಳ್ಳಿನ ಮೇಲೆ, ನೀಲತ್ತಿ ಅಡುಗೆಮನೆಯ ಕಟ್ಟೆಯ ಮೇಲೆ, ಹೀಗೇ ದಿನಗಳು ಕಳೆದವು.

ಮಿರಗದ ಮಳೆ ಹಿಡಿಯಿತು. ಅಂಗಡಿಯ ಚೀಲಗಳಿಗೆಲ್ಲ ತಾಡಪತ್ರಿ ಹೊದಿಸಿದ ಒಂದು ಭಾನುವಾರ ಗುರುಶಾಂತಪ್ಪ ಕಾಕಾ ಹೇಳಿದ ಮಾತಿಗೆ ತಪ್ಪದೆ ಬಂದ. ಬಂದವನಿಗೆ ಮೊದಲು ಕಂಡದ್ದು ಎಳ್ಳಿನ ಮೇಲೆ ಮಿಂಚುತ್ತಿದ್ದ ಕಲ್ಲು. ಕಥೆ ಕೇಳಿ ಮೀಸೆಯಲ್ಲೇ ನಕ್ಕ.

"ಬೆಂಕಿ ಉಂಡಿ ಅಂತಿ, ಸೆರಗಿನಾಗ ಕಟ್ಕೊಂಡ ಬಂದಿ ಅಂತಿ. ಸೆರಗ ಸುಡಲಿಲ್ಲೇನ ತಂಗೀ?"

"ತಣ್ಣಗ ಇತ್ತು ಕಾಕಾ," ಎಂದಳು ನೀಲತ್ತಿ.

"ಆತು ಹಂಗಾರ. ಇದನ್ನ ಪರೀಕ್ಷಾ ಮಾಡ್ಸೂಣು. ಕಲ್ಲು ಖರೇ ಇದ್ರ ನಿನ್ನ ಮಾತೂ ಖರೇ, ತಾಂಡೂರಿನವ್ರನ್ನ ನಾನ ಕರದು ಕೇಳ್ತೀನಿ. ಕಲ್ಲು ಸುಳ್ಳಾದ್ರ ಎಲ್ಲಾ ಸುಳ್ಳು. ಸಂಜಿ ಗಾಡಿಗೆ ನನ್ನ ಕೂಡ ಹೊಂಡಬೇಕು. ಏನಂತೀ?"

ನೀಲತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ಪರೀಕ್ಷೆ ಎಂದರೆ ಬೇಡ ಎನ್ನುವವನೇ ಅಲ್ಲ. ಹೂಂ ಎಂದ. ಅವಳೂ ಹೂಂ ಎಂದಳು. ಈ ಸಲ ಆಯಿ ಬಾಗಿಲಿಗೆ ಅಡ್ಡ ಕೂರಲಿಲ್ಲ. ತಾನೇ ಒಳಗೆ ಹೋಗಿ, ಕಲ್ಲಿಗೆ ಕೈಮುಗಿದು, ತಪ್ಪಾಯಿತೆಂದು ಕೆನ್ನೆ ತಟ್ಟಿಕೊಂಡು, ಅದನ್ನು ಎತ್ತಿ ತಂದು ಮಗಳ ಕೈಗೆ ಕೊಟ್ಟಳು. ಜೋಶಿ ಮಾಸ್ತರರನ್ನು ಕರೆತರಲು ಆಳು ಓಡಿದ.

ಕಲ್ಲಿಗೆ ಬಿಸಿನೀರಿನಲ್ಲಿ ಸೀಗೆಪುಡಿ ಹಚ್ಚಿ ತೊಳೆದವಳು ನೀಲತ್ತಿಯೇ. ಕೂಸಿಗೆ ಎರೆಯುವವರ ಹಾಗೆ ಮೆಲ್ಲಗೆ ತಿಕ್ಕಿದಳು. ಮಿಂಚೆಲ್ಲ ಹೋಗಿ ಅದು ಮಂಕಾದ, ಉಬ್ಬುತಗ್ಗಿನ ಸಾದಾ ಕಲ್ಲಾಯಿತು. ಮಾಸ್ತರರು ಸಾಣೆಕಲ್ಲಿಗೆ ನೀರು ಚಿಮುಕಿಸಿ ಒಂದು ಮೂಲೆಯನ್ನು ಅರೆಯತೊಡಗಿದರು. ಪಡಸಾಲೆಯಲ್ಲಿ ಆ ಕರಕರ ಸದ್ದು ಬಿಟ್ಟರೆ ಮಳೆಯದಷ್ಟೇ ಸದ್ದು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೈಯೊರೆಸಿಕೊಳ್ಳುತ್ತ ನಿಂತಿದ್ದಳು, ಒಲೆಯ ಮೇಲಿನ ರೊಟ್ಟಿ ಸೀಯುತ್ತಿದ್ದರೂ ತಿರುಗಲಿಲ್ಲ. ನಾನು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ, ಶನಿಯನ್ನೂ ಬಿಡಲಿಲ್ಲ. ಅರೆದ ಜಾಗವನ್ನು ಮಾಸ್ತರರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಹತ್ತಿರ ತಂದು ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು, ಯಾಕೆ ನನಗೇ ಕೊಟ್ಟರೋ ಗೊತ್ತಿಲ್ಲ, ಹತ್ತಿರ ಇದ್ದವಳು ನಾನೇ ಇರಬೇಕು.

ಕಲ್ಲಿನೊಳಗೆ ಸಣ್ಣ ಸಣ್ಣ ಗುಂಡನೆಯ ತೂತುಗಳಿದ್ದವು. ದೋಸೆ ಬೇಯುವಾಗ ಬೀಳುವ ತೂತಿನಂಥವು. ನಾನು ಕನ್ನಡಿಯಲ್ಲಿ ನೋಡಿದ ಮೊದಲ ಕಲ್ಲು ಅದು. ಎಷ್ಟು ಚೆಂದ ಇತ್ತೆಂದರೆ, ಅದರ ಅರ್ಥ ಗೊತ್ತಾಗುವ ತನಕ ನಾನು ಖುಷಿಯಿಂದ ನೋಡುತ್ತಲೇ ಇದ್ದೆ.

"ಗುಳ್ಳಿ ಅದಾವ ನೋಡವಾ," ಎಂದರು ಮಾಸ್ತರರು. ಅವರ ದನಿ ಇಳಿದುಹೋಗಿತ್ತು. "ಆಕಾಶದ ಕಲ್ಲಿನಾಗ ಹಿಂಗ ಗುಳ್ಳಿ ಇರಂಗಿಲ್ಲ. ಇದು ಕಬ್ಬಿಣದ ಕಿಟ್ಟ ರೀ ಸಾವ್ಕಾರ್ರ. ಹಿಂದಕ ಈ ಸೀಮ್ಯಾಗ ಕುಲುಮಿ ಹಾಕಿ ಕಬ್ಬಿಣ ತಗೀತಿದ್ರು. ಆವಾಗ ಕರಗಿ ಉಳದದ್ದು. ಅದಕ್ಕ ಅಯಸ್ಕಾಂತ ಹಿಡೀತು, ಅದಕ್ಕ ಭಾರ."

"ಮುಗೀತಲ್ಲ," ಎಂದು ಗುರುಶಾಂತಪ್ಪ ಕಾಕಾ ಮೊಣಕಾಲು ಹಿಡಿದು ಎದ್ದ. "ಟ್ರಂಕ್ ಕಟ್ಕೋ ತಂಗೀ."

ನೀಲತ್ತಿ ಅಳಲಿಲ್ಲ. ತಾನು ಕಂಡದ್ದು ಖರೆ ಎಂದು ಕೂಗಲಿಲ್ಲ. ಕಲ್ಲಿನ ಮೇಲಿನ ಒದ್ದೆಯನ್ನು ಸೆರಗಿನಿಂದ ಒರೆಸಿ, ಅದನ್ನು ಮಾಸ್ತರರ ಮುಂದಿಟ್ಟು, ಒಳಗೆ ನಡೆದಳು. ಟ್ರಂಕಿನ ಕೊಂಡಿ ಕಿರುಗುಟ್ಟಿದ್ದು ಪಡಸಾಲೆಗೆ ಕೇಳಿಸಿತು. ಮುಂದೆ ನನ್ನ ಕೆಲಸದಲ್ಲಿ ನೋಡಿ ನೋಡಿ ತಿಳಿದುಕೊಂಡ ಸಂಗತಿ ಒಂದಿದೆ. ಆಕಾಶದಲ್ಲಿ ಬೆಂಕಿ ಕಂಡವರು ಖರೆಯಾಗಿಯೂ ಕಂಡಿರುತ್ತಾರೆ. ಅದು ಬಹಳ ಎತ್ತರದಲ್ಲೇ ಉರಿದುಹೋಗಿರುತ್ತದೆ, ಇಲ್ಲವೇ ಎಷ್ಟೋ ಹರದಾರಿ ಆಚೆ ಬಿದ್ದಿರುತ್ತದೆ. ಆದರೆ ಕಣ್ಣೆದುರೇ ಬಿದ್ದಂತೆ ಅನಿಸಿ, ಹುಡುಕಲು ಹೋಗಿ, ಕಾಲಿಗೆ ಸಿಕ್ಕ ಮೊದಲ ಕರೀ ಕಲ್ಲನ್ನು ಎತ್ತಿಕೊಂಡು ಬರುತ್ತಾರೆ. ಪೀಪಾಯಿ ಅಲುಗಾಡದಂತೆ ಯಾರೋ ಎಂದೋ ಒತ್ತಿಟ್ಟಿದ್ದ ಕಿಟ್ಟವೇ ನೀಲತ್ತಿಯ ಕೈಗೆ ಸಿಕ್ಕಿರಬೇಕು. ಕಲ್ಲು ಬೇರೆಯಾದ ಮಾತ್ರಕ್ಕೆ ಕಂಡದ್ದು ಸುಳ್ಳಾಗುವುದಿಲ್ಲ. ಅವತ್ತು ಇದನ್ನು ಹೇಳುವವರು ಆ ಪಡಸಾಲೆಯಲ್ಲಿ ಇರಲಿಲ್ಲ. ಮಾಸ್ತರರಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ತಲೆ ತಗ್ಗಿಸಿ ಭೂತಗನ್ನಡಿ ಒರೆಸುತ್ತ ಕೂತಿದ್ದರು.

ಅಪ್ಪ ಕಲ್ಲನ್ನು ಕೈಗೆತ್ತಿಕೊಂಡ. ಅರೆದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ, ತೂತುಗಳನ್ನು ಕಣ್ಣಿಗೆ ಹಿಡಿದು ನೋಡಿದ. ಮಾಸ್ತರರು ಹೇಳಿದ್ದು ಅವನಿಗೆ ಒಪ್ಪಿಗೆಯಾಗಿತ್ತು, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಮೆಣಸಿನಪುಡಿ ತಳಕ್ಕಿಳಿದದ್ದನ್ನು ಕಂಡವನ ಮುಖ ಅದು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅಯಸ್ಕಾಂತವನ್ನು ಹೊಳೆಗೆ ಎಸೆದುಬಿಡಬೇಕೆಂದುಕೊಂಡೆ. ಅವನು ಕಲ್ಲನ್ನು ಕೆಳಗಿಟ್ಟ.

"ಕಾಕಾ, ಕೂಡ್ರಿ. ಕಲ್ಲು ಕಿಟ್ಟನ. ಮಾಸ್ತರ್ ಹೇಳಿದ್ದು ಬರೋಬರಿ ಐತಿ." ಕಲ್ಲನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದ. "ನನ್ನ ಅಂಗಡಿಗೆ ಖೋಟಾ ಮಾಲು ತರಾವ್ರು ಎಷ್ಟು ಒದರ್ತಾರ ಗೊತ್ತೇನು? ದೇವ್ರಾಣಿ, ತಾಯಾಣಿ, ಮಕ್ಕಳಾಣಿ, ಎಲ್ಲಾ ಹಾಕ್ತಾರ. ಈಕಿ ಒಂದ ಆಣಿ ಹಾಕಲಿಲ್ಲ. ಯುಗಾದಿ ಮುಂದೂ ಹಾಕಲಿಲ್ಲ, ಇವತ್ತೂ ಹಾಕಲಿಲ್ಲ. ಹೇಳೂದಷ್ಟ ಹೇಳಿ ಸುಮ್ಮನಾದ್ಲು. ನಾ ದಿನಾ ಮಾಲು ನೋಡಾವ, ಮನೀ ಹುಡಗೀನ್ನ ನೋಡಲಿಲ್ಲ."

"ಅಂದ್ರ? ಕಲ್ಲು ಸುಳ್ಳಾದ ಮ್ಯಾಲೂ?"

"ಕಲ್ಲಿಂದು ಕಲ್ಲಿಗೆ ಕಾಕಾ. ನನ್ನ ತಂಗಿ ಹೊಂಡಂಗಿಲ್ಲ."

ನೀಲತ್ತಿ ಆಗಲೇ ಟ್ರಂಕು ಹಿಡಿದು ಬಾಗಿಲಿಗೆ ಬಂದಿದ್ದಳು. ಅವಳು ಈ ಮಾತು ಕೇಳಿದಳೋ ಇಲ್ಲವೋ, ಅಲ್ಲೇ ನಿಂತುಬಿಟ್ಟಳು. ಅಪ್ಪ ಅವಳ ಕಡೆ ತಿರುಗಿದ. ಅಂಗಡಿಯಲ್ಲಿ ಗಡಸಾಗಿ ಮಾತಾಡುವ ನನ್ನ ಅಪ್ಪನ ದನಿ ಒಡೆದದ್ದನ್ನು ನಾನು ಜೀವನದಲ್ಲಿ ಕೇಳಿದ್ದು ಆ ಒಂದು ಸಲ.

"ನೀಲಾ, ಯಾರ ನೋಡ್ಯಾರ ಅಂತ ಕೇಳಿದ್ನಿ ನಾ. ಏನಾತು ಅಂತ ಕೇಳಲೇ ಇಲ್ಲ. ಈಗ ಕೇಳ್ತೀನಿ. ಏನಾತವಾ ಅಲ್ಲಿ?"

ಅವಳು ನಿಂತೇ ಹೇಳಲು ಹೋದಳು. ಆಯಿ ಎದ್ದು ಹೋಗಿ ಅವಳ ಕೈಯಿಂದ ಟ್ರಂಕು ಬಿಡಿಸಿ, ಎಳೆದು ತಂದು ತನ್ನ ಮಗ್ಗುಲಿಗೆ ಕೂರಿಸಿಕೊಂಡಳು. ಅವ್ವ ಒಲೆ ಆರಿಸಿ ಬಂದು ಕೂತಳು. ನೀಲತ್ತಿ ಮೊದಲಿನಿಂದ ಹೇಳತೊಡಗಿದಳು. ನಡುವೆ ಯಾರೂ ಏನೂ ಕೇಳಲಿಲ್ಲ. ಗುರುಶಾಂತಪ್ಪ ಕಾಕಾ ಕೂಡ ಎದ್ದು ಹೋಗಲಿಲ್ಲ, ಗೋಡೆಗೆ ಒರಗಿ, ತಲೆ ತಗ್ಗಿಸಿ ಕೇಳುತ್ತ ಕೂತ. ಅವಳು ಹೇಳಿ ಮುಗಿಸುವಷ್ಟರಲ್ಲಿ ಸಂಜೆಯ ಗಾಡಿ ತಾಂಡೂರು ದಾಟಿ ಹೋಗಿತ್ತು.